ಅಂಗಳದ ಡೈರಿ

ಠಣ್. ಢಬ್. ಠಣ್, ಠಣ್.

ಸಂಜೆ ಐದೂವರೆಯಾಯಿತೆಂದರೆ ಬಾಬುರಾಯನಕೊಪ್ಪಲಿನ ಡೈರಿ ಮುಂದೆ ಹಾಲಿನ ಕ್ಯಾನುಗಳು ಒಂದೊಂದಾಗಿ ನೆಲಕ್ಕೆ ಕೂರುತ್ತವೆ. ಆಚೆ ಮೈಸೂರು ರಸ್ತೆಯಲ್ಲಿ ಲಾರಿಗಳು ಎಷ್ಟೇ ಗದ್ದಲ ಮಾಡಲಿ, ನಾಲ್ಕು ಮನೆ ಈಚೆಗೆ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವ ಚಿಕ್ಕಬೋರಮ್ಮನಿಗೆ ಆ ಸದ್ದು ಮಾತ್ರ ಬೇರೆಯಾಗಿಯೇ ಕೇಳುತ್ತದೆ. ಠಣ್ ಎಂದರೆ ಸೋಮಯ್ಯನ ಹೊಸ ಕ್ಯಾನು. ಢಬ್ ಎಂದರೆ ಪಕ್ಕದ ಮನೆಯ ದ್ಯಾವಮ್ಮನದು; ಅದು ಒಮ್ಮೆ ಕೈಜಾರಿ ಬಿದ್ದು ತಳ ಒಳಕ್ಕೆ ಹೋಗಿದೆ. ಇವೆರಡಾದ ಮೇಲೆ ಮೂರನೆಯದು ಚಿಕ್ಕಬೋರಮ್ಮನ ಕ್ಯಾನು. ಮೂವತ್ತೆರಡು ವರ್ಷದಿಂದ ಮೂರನೆಯದೇ.

ಅಲ್ಲಿ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಕ್ಯಾನು ನಿಲ್ಲುತ್ತದೆ. ಕ್ಯಾನು ಇಟ್ಟವರು ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಊರಿನ ಸಮಾಚಾರ ಮಾತಾಡುತ್ತಿರುತ್ತಾರೆ. ಕ್ಯಾನು ಬರುವುದು ತಡವಾದರೆ ಆ ಜಾಗದಲ್ಲಿ ಒಂದು ಕಲ್ಲು, ಒಂದು ಇಟ್ಟಿಗೆ ಚೂರು, ಅದೂ ಇಲ್ಲದಿದ್ದರೆ ಕಾಲಿನ ಚಪ್ಪಲಿ. ಇಟ್ಟ ಮೇಲೆ ಕಲ್ಲಾದರೂ ಸರಿ, ಚಪ್ಪಲಿಯಾದರೂ ಸರಿ, ಅದು ಆ ಮನುಷ್ಯನೇ. ಅದನ್ನು ಪಕ್ಕಕ್ಕೆ ಸರಿಸುವ ಧೈರ್ಯವಂತರು ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಚಿಕ್ಕಬೋರಮ್ಮ ಹುಟ್ಟಿದ್ದು ನಾಗಮಂಗಲದ ಕಡೆ, ಆದಿಚುಂಚನಗಿರಿ ಬೆಟ್ಟ ಕಾಣುವ ಒಂದು ಪುಟ್ಟ ಹಳ್ಳಿಯಲ್ಲಿ. ಆಡು ಕಾಯುತ್ತ ಬೆಳೆದವಳು. ಆಡಲು ಕೈಯಲ್ಲಿ ಐದು ಕಲ್ಲಿದ್ದರೆ ಸೂರ್ಯ ಮುಳುಗಿದ್ದೂ ತಿಳಿಯುತ್ತಿರಲಿಲ್ಲವಂತೆ. ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರವೇ ಅಳಗುಳಿಮಣೆಯಲ್ಲಿ ಅತ್ತೆಯನ್ನು ಸೋಲಿಸಿಬಿಟ್ಟಳು. ಗುಳಿಯಲ್ಲಿದ್ದ ಅಷ್ಟೂ ಹುಣಿಸೆಬೀಜ ಬಾಚಿ ಸೆರಗಿಗೆ ಹಾಕಿಕೊಂಡಳು. ಅತ್ತೆ ಮೂರು ದಿನ ಮಾತು ಬಿಟ್ಟರು. ಗಂಡ ಬೋರಯ್ಯ, 'ಒಂದಾಟ ಸೋತುಬುಡೇ, ಮನೇಲಿ ನೆಮ್ಮದಿ ಇರ್ತದೆ' ಎಂದು ಅಂಗಲಾಚಿದ. ಅವಳು ಪ್ರಯತ್ನವನ್ನೂ ಮಾಡಿದಳು. ಆಗಲಿಲ್ಲ. ಬೇಕೆಂದೇ ಸೋಲುವುದೊಂದು ಬಿಟ್ಟು ಮಿಕ್ಕೆಲ್ಲ ಕೆಲಸವೂ ಅವಳಿಗೆ ಬರುತ್ತದೆ.

ಆದರೆ ಕಳೆದ ದಸರಾ ರಜೆಯಲ್ಲಿ ಅವಳು ಸೋತಿದ್ದಳು, ಅದೂ ನಾಲ್ಕು ವರ್ಷದ ಮೊಮ್ಮಗಳ ಮುಂದೆ.

ಮಗಳು ಅರ್ಪಿತ ಪಾಂಡವಪುರದಲ್ಲಿ ಕಚೇರಿ ಕೆಲಸದಲ್ಲಿದ್ದಾಳೆ, ಅಳಿಯನೂ ಹಾಗೆಯೇ. ಇಬ್ಬರೂ ಸುಸ್ತಾಗಿ ಮನೆಗೆ ಬಂದ ಮೇಲೆ ಮಗು ಸ್ನೇಹಳ ಬಾಯಿಗೆ ತುತ್ತು ಹೋಗುವುದು ಫೋನಿನಲ್ಲಿ ಬಣ್ಣದ ಮೊಲವೊಂದು ಕುಣಿಯತೊಡಗಿದರೆ ಮಾತ್ರ. ದಸರೆಗೆ ಬಂದಾಗ ಅಜ್ಜಿಯ ಮನೆಯಲ್ಲಿ ಮೊಲವಿರಲಿಲ್ಲ. ಬೋರಯ್ಯನ ಗುಂಡಿ ಒತ್ತುವ ಫೋನನ್ನು ಸ್ನೇಹ ತಿರುಗಿಸಿ, ಮಗುಚಿ, ಉಜ್ಜಿ ನೋಡಿದಳು. ಆಮೇಲೆ ಎರಡು ದಿನ ಅತ್ತಳು. ಮೂರನೆಯ ದಿನ ಅರ್ಪಿತ ಬಂದು ಕರೆದುಕೊಂಡು ಹೋದಳು.

ಈ ಬೇಸಿಗೆಯಲ್ಲಿ ಅರ್ಪಿತ ಮಗುವನ್ನು ಬಿಡಲು ಬಂದಾಗ ಸ್ಕೂಟರಿನಿಂದ ಇಳಿಯುವ ಮೊದಲೇ ಹೇಳಿದಳು. "ಹತ್ತು ದಿನ ಕಣವ್ವ. ಅತ್ಲು ಅಂದ್ರೆ ನಾಳೇನೇ ಬಂದು ಕರ್ಕೊಂಡೋಯ್ತೀನಿ. ಮೈಸೂರಲ್ಲಿ ಬೇಸ್ಗೆ ಕ್ಯಾಂಪು ಐತೆ, ವ್ಯಾನು ಮನೆ ಬಾಗ್ಲಿಗೇ ಬತ್ತದೆ. ಹೆಸ್ರು ಬರೆಸಿಟ್ಟಿವ್ನಿ."

"ಯಾಕಮ್ಮಿ ಅಳ್ತಾಳೆ? ನಾನಿಲ್ವಾ?" ಎಂದಳು ಚಿಕ್ಕಬೋರಮ್ಮ.

"ದಸರೇಲೂ ಇದ್ದೆ," ಎಂದಳು ಅರ್ಪಿತ, ನಗುತ್ತಲೇ.

ಆ ಮಾತು ಚಿಕ್ಕಬೋರಮ್ಮನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಮೊದಲ ದಿನ ಅವಳು ತಪ್ಪು ದಾರಿ ಹಿಡಿದಳು. ಶ್ರೀರಂಗಪಟ್ಟಣದ ಅಂಗಡಿಯಿಂದ ಕೀಲಿ ಕೊಟ್ಟರೆ ಡೋಲು ಬಡಿಯುವ ಕೋತಿಯನ್ನು ತರಿಸಿದಳು. ಸ್ನೇಹ ಅದನ್ನು ಎರಡು ನಿಮಿಷ ನೋಡಿ, "ಮುಂದಿನದು ಹಾಕು" ಎಂದಳು. ಮುಂದಿನದು ಇರಲಿಲ್ಲ. ಮಗುವಿನ ಕೆಳತುಟಿ ನಿಧಾನವಾಗಿ ಮುಂದೆ ಬಂತು. ದಸರೆಯ ಅಳು ಶುರುವಾಗಿದ್ದೂ ಹೀಗೆಯೇ ಎಂಬುದು ಚಿಕ್ಕಬೋರಮ್ಮನಿಗೆ ನೆನಪಿತ್ತು. ಏನು ಮಾಡುವುದೋ ತೋಚದೆ, ಕೈಗೆ ಸಿಕ್ಕಿದ ಸುಣ್ಣ ಬಳಿಯುವ ಹಳೇ ಬ್ರಷ್ಷನ್ನೂ ಒಂದು ಬಕೆಟ್ ನೀರನ್ನೂ ಮಗುವಿನ ಮುಂದಿಟ್ಟಳು.

"ನಂಗೆ ಕರು ಕಟ್ಟದೈತೆ. ಅಷ್ಟ್ರೊಳಗೆ ಆ ಗೋಡೆಗೆ ಒಸಿ ಬಣ್ಣ ಹೊಡ್ದುಬುಡು."

ಸ್ನೇಹ ಹೊಡೆದಳು. ನೀರು ತಾಕಿದ ಕಡೆಯೆಲ್ಲ ಗೋಡೆ ಕಡುಬಣ್ಣಕ್ಕೆ ತಿರುಗಿತು. ಆ ತುದಿ ಮುಟ್ಟುವ ಹೊತ್ತಿಗೆ ಬೇಸಿಗೆಯ ಬಿಸಿಲು ಈ ತುದಿಯನ್ನು ಒರೆಸಿಟ್ಟಿತ್ತು.

"ಅಜ್ಜೀ! ಬಣ್ಣ ಎಲ್ಲೋಯ್ತು?"

"ಬಿಸ್ಲು ಕುಡ್ಕೊಂಡೋಯ್ತು. ಬುಡ್ಬೇಡ, ಇನ್ನೊಂದ್ಸಲ ಹೊಡಿ!"

ಸ್ನೇಹ ಓಡಿಬಂದು ಮತ್ತೆ ಹೊಡೆದಳು. ಬಿಸಿಲು ಮತ್ತೆ ಕುಡಿಯಿತು. ಬಿಸಿಲಿಗೂ ಸ್ನೇಹಳಿಗೂ ಮಧ್ಯಾಹ್ನದವರೆಗೆ ಜಿದ್ದಾಜಿದ್ದಿ ನಡೆಯಿತು. ಗೋಡೆಯ ಮೇಲೆ ಆನೆ ಬಂದು ಹೋಯಿತು, ರೈಲು ಬಂದು ಹೋಯಿತು, ಮೀಸೆಯ ತಾತ ಬಂದ. ತಾತನ ಒಂದು ಕಡೆಯ ಮೀಸೆ ಮೊದಲು ಒಣಗಿತು. ಸ್ನೇಹ ಬಕೆಟ್ಟಿನ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಗ ಚಿಕ್ಕಬೋರಮ್ಮನಿಗೆ ಗುಟ್ಟು ತಿಳಿಯಿತು. ಮಗುವನ್ನು ಕೂರಿಸಿ ಕುಣಿದು ತೋರಿಸುವುದಲ್ಲ. ತನ್ನ ಕೆಲಸದ ಒಂದು ತುದಿಯನ್ನು ಮಗುವಿನ ಕೈಗೆ ಕೊಟ್ಟು, ತಾನು ಮತ್ತೊಂದು ತುದಿ ಹಿಡಿಯುವುದು.

ಆಮೇಲಿನ ದಿನಗಳು ಹೇಗೆ ಓಡಿದವೋ. ಉದುರಿದ ತೆಂಗಿನ ಗರಿಯ ಮೇಲೆ ಸ್ನೇಹಳೂ ದ್ಯಾವಮ್ಮನ ಮೊಮ್ಮಗಳು ತನುಶ್ರೀಯೂ ಕೂತರೆ ಬೋರಯ್ಯ ಎತ್ತಾಗಿ ಎಳೆದ. ಎರಡು ಸುತ್ತಾದ ಮೇಲೆ, "ಎತ್ತಿಗೆ ಸೊಂಟ ನೋವು, ಕಾಪಿ ಕೊಟ್ರೆ ಎಳೀತದೆ" ಎಂದು ಎತ್ತೇ ಹೇಳಿತು. ಪರಂಗಿ ಎಲೆಯ ದಂಟಿನಿಂದ ಸೋಪಿನ ಗುಳ್ಳೆ ಊದಿದರು; ಹಸುವಿನ ಕೊಂಬಿನ ಮೇಲೆ ಒಂದು ಗುಳ್ಳೆ ಒಡೆಯದೆ ಕೂತಾಗ ಎಲ್ಲರೂ ಉಸಿರು ಬಿಗಿಹಿಡಿದರು. ತೆಂಗಿನ ಓಲೆಯ ಗಡಿಯಾರ ಕೈಗೆ ಬಂತು. ಅದರಲ್ಲಿ ಯಾವಾಗ ನೋಡಿದರೂ ಸ್ನೇಹಳಿಗೆ ಬೇಕಾದಷ್ಟೇ ಗಂಟೆ. ಊಟದ ಹೊತ್ತಿಗೆ ಚಿಕ್ಕಬೋರಮ್ಮ ಗೋಲಿಯಷ್ಟು ಗೋಲಿಯಷ್ಟು ಮುದ್ದೆ ಕಟ್ಟಿ ಸಾರಿನಲ್ಲಿ ತೇಲಿಬಿಟ್ಟು, ತಾತನಿಗೂ ಮೊಮ್ಮಗಳಿಗೂ ನುಂಗುವ ಪಂದ್ಯ ಇಟ್ಟಳು. ಮೊಲವಿಲ್ಲದೆ ಬಾಯಿ ತೆರೆಯದ ಮಗು ಹನ್ನೊಂದು ಮುದ್ದೆ ನುಂಗಿ, "ತಾತ ಮೋಸ, ಅಗೀತಾವ್ರೆ!" ಎಂದು ಕೂಗಿತು.

ಎಲ್ಲಕ್ಕಿಂತ ದೊಡ್ಡ ಆಟ ಡೈರಿ. ಅಜ್ಜಿಯ ಹಿಂದೆ ಒಂದು ದಿನ ಡೈರಿಗೆ ಹೋಗಿಬಂದ ಸ್ನೇಹ ಮರುದಿನವೇ ಅಂಗಳದಲ್ಲಿ ಹಾಲು ಅಳೆಯುವ ಸೆಕ್ರೆಟರಿಯಾದಳು. ತೆಂಗಿನ ಚಿಪ್ಪುಗಳು ಸಾಲಾಗಿ ಕೂತವು. ಚಿಪ್ಪಿಲ್ಲದವರು ಕಲ್ಲಿಟ್ಟರು. ಅಕ್ಕಿ ತೊಳೆದ ನೀರೇ ಹಾಲು. ಚಿಕ್ಕಬೋರಮ್ಮ ತನ್ನ ಹಳೆಯ ಕ್ಯಾನನ್ನೇ ಆಟಕ್ಕೆ ಕೊಟ್ಟಳು. ಅದೂ ಈಗಿನ ಕ್ಯಾನೂ ಒಂದೇ ಅಳತೆ, ಒಂದೇ ಮುಚ್ಚಳ. ಮುಂದೆ ಆದ ಫಜೀತಿಗೆ ಅದೇ ಕಾರಣ.

ಐದನೆಯ ದಿನ, ಮಂಗಳವಾರ ಸಂಜೆ. ಹಾಲು ಕರೆದಾಗಿತ್ತು. ತುಂಬಿದ ಕ್ಯಾನನ್ನು ಜಗಲಿಯ ಮೇಲೆ, ಆಟದ ಕ್ಯಾನಿನ ಪಕ್ಕದಲ್ಲೇ ಇಟ್ಟು ಚಿಕ್ಕಬೋರಮ್ಮ ಸೆರಗಿಗೆ ಕೈ ಒರೆಸುತ್ತಿದ್ದಳು. ಜಗಲಿಯ ಕಂಬದ ಹತ್ತಿರ, ಹಾಲು ಕರೆಯಲು ಅವಳು ಅರ್ಧಕ್ಕೇ ಬಿಟ್ಟೆದ್ದ ಅಳಗುಳಿಮಣೆ ಹಾಸಿತ್ತು. ಆಡುತ್ತಿದ್ದ ಸ್ನೇಹ ತಲೆ ಎತ್ತಿ, "ಅಜ್ಜಿ, ನೀನು ಸೋಲ್ತಾ ಇದೀಯ, ಅದಕ್ಕೆ ಎದ್ದೋದೆ" ಎಂದಳು.

"ಯಾರು? ನಾನಾ?"

"ಹೂಂ. ತನುಶ್ರೀನೂ ಅಂಗೇ ಅಂದ್ಲು."

ಚಿಕ್ಕಬೋರಮ್ಮ ಕೂತಳು. ಒಂದೇ ಒಂದು ಕೈ ಎಂದುಕೊಂಡೇ ಕೂತಳು. ಡೈರಿ ಕಡೆಯಿಂದ ಠಣ್ ಎಂದಿತು, ಸೋಮಯ್ಯ ಬಂದ. ಢಬ್ ಎಂದಿತು, ದ್ಯಾವಮ್ಮ ಬಂದಳು. ಚಿಕ್ಕಬೋರಮ್ಮನ ಬೀಜ ಇನ್ನೂ ಗುಳಿಯಿಂದ ಗುಳಿಗೆ ಹೋಗುತ್ತಿತ್ತು. ಠಣ್, ಠಣ್, ಠಣ್ ಎಂದು ಇನ್ನೂ ಮೂರು ಕ್ಯಾನು ಕೂತವು. ಕೊನೆಯ ಗುಳಿ ಬಾಚಿ, "ಗೆದ್ದೆ!" ಎಂದು ಕೂಗಿ, ಜಗಲಿಯ ಮೇಲೆ ಕೈಗೆ ಸಿಕ್ಕ ಕ್ಯಾನು ಎತ್ತಿಕೊಂಡು ಓಡಿದಳು.

ದ್ಯಾವಮ್ಮ ಮೂರನೆಯ ಜಾಗಕ್ಕೆ ಇಟ್ಟಿಗೆ ಚೂರು ಇಟ್ಟಿದ್ದಳು. "ಎಲ್ಲೋಗಿದ್ಯಮ್ಮಿ? ನಿನ್ನ ಇಟ್ಟಿಗೆ ನಿಂತು ನಿಂತು ಅದ್ರ ಕಾಲೇ ನೋವಾಯ್ತು" ಎಂದಳು.

ಸೆಕ್ರೆಟರಿ ತಿಮ್ಮರಾಜು ಮುಚ್ಚಳ ತೆಗೆದು ಟೆಸ್ಟಿಗೆಂದು ಸೌಟು ಇಳಿಸಿದ. ಸೌಟು ಮೇಲೆ ಬಂತು. ಅದರಲ್ಲಿ ತೆಳ್ಳನೆಯ ಬಿಳಿ ನೀರು, ನೀರಿನಲ್ಲಿ ಒಂದು ಚೆಂಡುಹೂವಿನ ದಳ, ಎರಡು ಹುಣಿಸೆಬೀಜ.

ತಿಮ್ಮರಾಜು ಸೌಟಿನೊಳಗೆ ನೋಡಿದ, ಚಿಕ್ಕಬೋರಮ್ಮನ ಮುಖ ನೋಡಿದ, ಮತ್ತೆ ಸೌಟು ನೋಡಿದ. "ಅಕ್ಕ, ನಿಮ್ಮ ಹಸ ಹುಣ್ಸೆಮರ ಹತ್ತಿತ್ತಾ?"

ಬೇವಿನ ಮರದ ಕೆಳಗಿದ್ದವರೆಲ್ಲ ಎದ್ದು ಬಂದರು. ಸೋಮಯ್ಯನಿಗೆ ಎಲೆ ಅಡಿಕೆ ನೆತ್ತಿಗೇರಿತು. ದ್ಯಾವಮ್ಮ ನಗು ತಡೆಯಲಾರದೆ ತನ್ನದೇ ಕ್ಯಾನಿನ ಮೇಲೆ ಕೂತುಬಿಟ್ಟಳು. ಒಳಕ್ಕೆ ಹೋಗಿದ್ದ ತಳ ಇನ್ನಷ್ಟು ಒಳಕ್ಕೆ ಹೋಯಿತು. ಅವಳ ಸೊಸೆ ಪ್ರಮೀಳಾ ಮಾತ್ರ ಫೋನು ಹಿಡಿದುಕೊಂಡು ಸೌಟಿನ ಕಡೆಗೆ ಬಗ್ಗಿದ್ದಳು.

ಮೂವತ್ತೆರಡು ವರ್ಷದಲ್ಲಿ ಒಂದು ಹನಿ ನೀರು ಸೋಕಿಸದ ಕ್ಯಾನು. ಚಿಕ್ಕಬೋರಮ್ಮನ ಕಿವಿ ಬಿಸಿಯಾಯಿತು. ಮರುಕ್ಷಣವೇ ಇನ್ನೊಂದು ಯೋಚನೆ ಬಂದು ನಾಚಿಕೆಯನ್ನು ಆಚೆಗೆ ದೂಡಿತು. "ಅಯ್ಯೋ! ಅಂಗಾರೆ ಹಾಲೆಲ್ಲೈತೆ?"

ಸೀರೆ ಎತ್ತಿ ಕಟ್ಟಿ ಓಡಿದಳು.

ಅಂಗಳದಲ್ಲಿ ಡೈರಿ ಭರ್ಜರಿಯಾಗಿ ನಡೆದಿತ್ತು. ಸ್ನೇಹಳಿಗೆ ಹಾಲಿನ ಮೀಸೆ, ತನುಶ್ರೀಗೆ ಹಾಲಿನ ಮೀಸೆ, ಕರುವಿನ ಮೂತಿಯ ತುಂಬ ನೊರೆ. ಬೆಕ್ಕು ತನ್ನ ಪಾಲು ಮುಗಿಸಿ ಬಿಸಿಲಿಗೆ ಮಲಗಿತ್ತು. ಚಿಪ್ಪುಗಳ ಸಾಲಿನ ಕೊನೆಯಲ್ಲಿ ಬೋರಯ್ಯ ಲೋಟ ಹಿಡಿದು ಕೂತಿದ್ದ. ಅವನಿಗಂತೂ ನಿಜವಾದ ಮೀಸೆಯ ಮೇಲೇ ಹಾಲಿನ ಮೀಸೆ.

"ನಿಮ್ಗಾದ್ರೂ ಬುದ್ಧಿ ಬ್ಯಾಡ್ವಾ?" ಎಂದಳು ಚಿಕ್ಕಬೋರಮ್ಮ.

"ನಾನೇನ್ ಮಾಡ್ಲಿ? ಸಾಲಲ್ಲಿ ಲೋಟ ಮಡಗಿದ್ದೆ. ನನ್ ಸರದಿ ಬಂತು. ಕುಡ್ದೆ," ಎಂದ ಬೋರಯ್ಯ. ಸ್ವಲ್ಪ ತಡೆದು, "ಎಲ್ಡ್ ಸಲ ಬಂತು," ಎಂದ.

ಅವಳು ಬಯ್ಯಲೆಂದು ಬಾಯಿ ತೆರೆದಳು. ಹೊರಬಂದದ್ದು ನಗು. ಅದು ನಿಲ್ಲಲೇ ಇಲ್ಲ. ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡು ನಕ್ಕಳು. ಅಜ್ಜಿ ಯಾಕೆ ನಗುತ್ತಾಳೆಂದು ತಿಳಿಯದೆಯೇ ಮಕ್ಕಳೂ ನಕ್ಕವು.

ನಗು ಆರುವ ಮೊದಲೇ ಬೋರಯ್ಯನ ಫೋನು ಬಡಿದುಕೊಂಡಿತು. ಪ್ರಮೀಳಾಳ ಸ್ಟೇಟಸ್ಸಿನಲ್ಲಿ ಹುಣಿಸೆಬೀಜದ ಸೌಟು ಆಗಲೇ ಪಾಂಡವಪುರ ಮುಟ್ಟಿತ್ತು.

"ಏನವ್ವ ಇದು?" ಅರ್ಪಿತಳ ದನಿ ಜಗಲಿಯವರೆಗೆ ಕೇಳುತ್ತಿತ್ತು. "ಆಫೀಸಲ್ಲಿ ಎಲ್ಲಾ ನೋಡಿ ನಗ್ತಾವ್ರೆ. ಆ ಮಗೀನ ನೋಡ್ಕೊಳಕ್ಕೆ ಹೋಗಿ ನಿಂಗೆ ಕ್ಯಾನು ಯಾವ್ದು ಅಂತ್ಲೂ ಗೊತ್ತಾಗ್ದಂಗಾಗೈತೆ. ಸಾಕು ಬುಡು. ನಾಳೆ ಬೆಳಿಗ್ಗೇನೇ ಬತ್ತೀನಿ. ಬಟ್ಟೆ ಕಟ್ಟಿ ಮಡಗಿರು."

"ಅವ್ಳು ಅತ್ತೇ ಇಲ್ಲ ಕಣಮ್ಮಿ..."

"ಅವ್ಳು ಅಳ್ಲಿಲ್ಲ, ನೀನು ಅಳೋ ಅಂಗಾಯ್ತಲ್ಲ!"

ಚಿಕ್ಕಬೋರಮ್ಮ ಫೋನನ್ನು ಸ್ನೇಹಳ ಕಿವಿಗೆ ಹಿಡಿದಳು. ಸ್ನೇಹ, "ಅಮ್ಮ, ಈಗ ಡೈರಿ ಟೈಮು" ಎಂದು ಹೇಳಿ ಕೆಂಪು ಗುಂಡಿ ಒತ್ತಿಬಿಟ್ಟಳು.

ಬುಧವಾರ ಬೆಳಿಗ್ಗೆ ಚಿಕ್ಕಬೋರಮ್ಮ ಎದ್ದವಳೇ ಚಿಪ್ಪುಗಳನ್ನೆಲ್ಲ ಕುಕ್ಕೆಗೆ ತುಂಬಿ ಹುಲ್ಲಿನ ಮನೆಯಲ್ಲಿ ಬಚ್ಚಿಟ್ಟಳು. ಅಂಗಳ ಗುಡಿಸಿ ನೀರು ಹಾಕಿದಳು. ಸ್ನೇಹಳಿಗೆ ತಲೆ ಸ್ನಾನ ಮಾಡಿಸಿ, ಎರಡು ಜಡೆ ಹಾಕಿ, ಇಸ್ತ್ರಿಯ ಫ್ರಾಕು ತೊಡಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು. ಎಲ್ಲ ಶಿಸ್ತಾಗಿದೆ, ಎಲ್ಲ ಸುಸೂತ್ರವಾಗಿದೆ ಎಂದು ಮಗಳಿಗೆ ಕಾಣಬೇಕಿತ್ತು. "ಅಮ್ಮ ಬರಗಂಟ ಅಲ್ಲಾಡ್ಬೇಡ ಕಂದ," ಎಂದಳು.

ಸ್ನೇಹ ಕೂತಳು. ಕಾಲು ಆಡಿಸಿದಳು. ಜಡೆಯ ತುದಿ ಬಾಯಿಗಿಟ್ಟುಕೊಂಡಳು. ಗೋಡೆಯ ಮೇಲೆ ಆನೆಯಿರಲಿಲ್ಲ. ಕರು ಕೂಗಿದರೂ ಇಳಿಯುವಂತಿರಲಿಲ್ಲ.

"ಅಜ್ಜಿ," ಎಂದಳು ಮೆಲ್ಲಗೆ, "ಫೋನ್ ಇದೆಯಾ?"

ಐದು ದಿನದಲ್ಲಿ ಮೊದಲ ಸಲ. ಕೆಳತುಟಿ ಆಗಲೇ ಮುಂದೆ ಬರತೊಡಗಿತ್ತು. ಅಷ್ಟರಲ್ಲಿ ಕೇರಿಯ ತಿರುವಿನಲ್ಲಿ ಸ್ಕೂಟರಿನ ಸದ್ದು.

ಚಿಕ್ಕಬೋರಮ್ಮ ಒಂದು ಗಳಿಗೆ ನಿಂತಳು. ಗುಡಿಸಿ ಸ್ವಚ್ಛ ಮಾಡಿದ ಅಂಗಳ ನೋಡಿದಳು. ಮಗಳಿಗೆ ತೋರಿಸಲೆಂದು ಇಷ್ಟೆಲ್ಲ ಮಾಡಿ, ಮಗುವನ್ನು ಮತ್ತೆ ಮೊಲದ ಕಡೆಗೆ ಕಳಿಸುತ್ತಿದ್ದವಳು ತಾನೇ. ಹುಲ್ಲಿನ ಮನೆಗೆ ಓಡಿ, ಕುಕ್ಕೆ ಎಳೆದು ತಂದು, ಅಷ್ಟೂ ಚಿಪ್ಪನ್ನು ಅಂಗಳದ ನಡುವೆ ಗಲಗಲ ಸುರಿದಳು.

"ಸೆಕ್ರೆಟ್ರಮ್ಮಾರೇ! ಬಾಗ್ಲು ತೆಗೀರಿ, ಜನ ಬಂದವ್ರೆ!"

ಇಸ್ತ್ರಿಯ ಫ್ರಾಕು ಕುರ್ಚಿಯಿಂದ ಹಾರಿತು. ಬೇಲಿಯಾಚೆಯಿಂದ ತನುಶ್ರೀ ಹಾರಿದಳು. ಚಿಕ್ಕಬೋರಮ್ಮ ಹಳೆಯ ಕ್ಯಾನನ್ನು ಮೂರನೆಯ ಜಾಗದಲ್ಲಿಟ್ಟಳು. ಬೋರಯ್ಯ ಯಾರೂ ಕರೆಯದಿದ್ದರೂ ಲೋಟ ತಂದ.

ಅರ್ಪಿತ ಸ್ಕೂಟರು ನಿಲ್ಲಿಸಿ, ಫೋನಿನಲ್ಲಿ ಏನೋ ನೋಡುತ್ತ ಒಳಗೆ ಕಾಲಿಟ್ಟಳು. "ಸ್ನೇಹಾ, ನಡಿ ನಡಿ, ಹೊತ್ತಾಯ್ತು..."

"ಸಾಲಲ್ಲಿ ಬನ್ನಿ," ಎಂದಳು ಸ್ನೇಹ, ತಲೆ ಎತ್ತದೆ.

"ಏನು?"

"ಎಲ್ರೂ ಮಡಗವ್ರೆ. ನಿಮ್ಮ ಕ್ಯಾನು ಎಲ್ಲಿ?"

ಅರ್ಪಿತ ತಾಯಿಯ ಮುಖ ನೋಡಿದಳು. ಚಿಕ್ಕಬೋರಮ್ಮ ಆಕಾಶ ನೋಡುತ್ತಿದ್ದಳು. "ಕ್ಯಾನು ತಂದಿಲ್ವಲ್ಲಾ ಮೇಡಂ," ಎಂದಳು ಅರ್ಪಿತ.

"ಅಂಗಾದ್ರೆ ಏನಾದ್ರೂ ಮಡಗಿ. ಇಲ್ದಿದ್ರೆ ಜಾಗ ಹೋಗತ್ತೆ."

ಅವಳ ಕೈಯಲ್ಲಿದ್ದದ್ದು ಒಂದೇ. ಬೋರಯ್ಯನ ಲೋಟದ ಹಿಂದೆ, ಮಣ್ಣಿನ ಮೇಲೆ, ಅರ್ಪಿತ ತನ್ನ ಫೋನನ್ನು ಇಟ್ಟಳು. ಇಟ್ಟು, ಈಗೇನು ಮಾಡುವುದೆಂದು ತಿಳಿಯದೆ ನಿಂತಳು. ಕೈಗಳು ಖಾಲಿಯಾಗಿದ್ದವು.

"ಕಾಯೋರು ಅಲ್ಲಿ ಆಡ್ಕೊಬೌದು," ಎಂದಳು ತನುಶ್ರೀ. ಬೇಲಿಯ ಪಕ್ಕ ಅವಳು ಕುಂಟೆಬಿಲ್ಲೆಯ ಚೌಕ ಗೀಚಿದ್ದಳು. ಅರ್ಪಿತ ಅದನ್ನು ನೋಡಿದಳು. ಹತ್ತು ವರ್ಷದವಳಿದ್ದಾಗ ಈ ಕೇರಿಯಲ್ಲಿ ಅವಳನ್ನು ಕುಂಟೆಬಿಲ್ಲೆಯಲ್ಲಿ ಸೋಲಿಸಿದವರಿರಲಿಲ್ಲ. "ಇಷ್ಟ್ ಅಗ್ಲ ಯಾಕೆ ಬರ್ದಿದ್ದೀಯ, ಒಸಿ ಚಿಕ್ಕದಾಗಿರ್ಬೇಕು," ಎಂದಳು. ಆಮೇಲೆ ಚಪ್ಪಲಿ ಬಿಟ್ಟಳು.

"ಅಪ್ಪಿ, ಗೆರೆ ತುಳ್ದೆ!" ಎಂದು ಬೋರಯ್ಯ ಕೂಗಿದ.

"ತುಳೀಲಿಲ್ಲ ಕಣಪ್ಪ!"

"ತುಳ್ದೆ, ಹೆಬ್ಬೆಟ್ಟು ತುಳೀತು!"

"ನಿಮ್ ಕಣ್ಣಿಗೆ ಹಾಲು ಬಿದ್ದೈತೆ!"

ಅಷ್ಟರಲ್ಲಿ ಸಾಲಿನಲ್ಲಿದ್ದ ಫೋನು ಹಾಡತೊಡಗಿತು. ಒಂಟಿಕಾಲಲ್ಲಿದ್ದ ಅರ್ಪಿತ ಅಲ್ಲಿಂದಲೇ ತಿರುಗಿದಳು. ಸ್ನೇಹ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. "ತೆಗೆದ್ರೆ ಕೊನೇಗೆ ಹೋಗ್ಬೇಕು."

ಅರ್ಪಿತ ಫೋನು ನೋಡಿದಳು, ಸಾಲು ನೋಡಿದಳು. ಮುಂದೆ ನಾಲ್ವರೇ ಇದ್ದರು, ಹಿಂದೆ ಆಗಲೇ ಏಳು ಚಿಪ್ಪು ಸೇರಿದ್ದವು. ಬೇಕೆಂದೇ ಸೋಲಲು ಬಾರದ ತಾಯಿಯ ಮಗಳು ಅವಳು. "ಬಡ್ಕೊಳ್ಲಿ ಬುಡು," ಎಂದು ಮುಂದಿನ ಚೌಕಕ್ಕೆ ಹಾರಿದಳು. ಫೋನು ಚಿಪ್ಪುಗಳ ನಡುವೆ ಕೂಗಿ ಕೂಗಿ ಸುಮ್ಮನಾಯಿತು. ಕರು ಒಮ್ಮೆ ಬಂದು ಮೂಸಿ, ತಿನ್ನುವಂಥದ್ದಲ್ಲವೆಂದು ಹೊರಟುಹೋಯಿತು.

ಬಿಸಿಲು ಏರಿತು. ಅರ್ಪಿತ ಬೆವರು ಒರೆಸುತ್ತ ಜಗಲಿಗೆ ಬಂದು ತಾಯಿಯ ಪಕ್ಕ ಕೂತಳು. ಕೂದಲೆಲ್ಲ ಕೆದರಿತ್ತು, ಉಸಿರು ಏರಿತ್ತು. ಕಟ್ಟಿಟ್ಟ ಬಟ್ಟೆಯ ಚೀಲ ಬಾಗಿಲ ಬಳಿಯೇ ಇತ್ತು. ಚಿಕ್ಕಬೋರಮ್ಮ ಅದನ್ನು ನೋಡಿಯೂ ನೋಡದಂತೆ ಕೂತಿದ್ದಳು. ಹಾಗೆ ಕೂರುವುದು ಅವಳಿಗೆ ಎಷ್ಟು ಕಷ್ಟವೆಂದು ಬೋರಯ್ಯನೊಬ್ಬನಿಗೇ ಗೊತ್ತು.

ಅರ್ಪಿತ ಕಾಲಲ್ಲಿ ಚೀಲವನ್ನು ಒಳಕ್ಕೆ ದೂಡಿದಳು. "ಅವ್ವ," ಎಂದಳು, "ಬರಲ್ಲ ಅಂತ ಕ್ಯಾಂಪಿನೋರಿಗೆ ಫೋನ್ ಮಾಡ್ಬೇಕು. ಆದ್ರೆ ನಿನ್ ಮೊಮ್ಮಗ್ಳು ಫೋನ್ ತೆಗ್ಯಕ್ಕೆ ಬುಡ್ತಿಲ್ಲ."

ಚಿಕ್ಕಬೋರಮ್ಮನ ಮುಖವಿಡೀ ಅರಳಿತು. ಆದರೂ ದನಿಯನ್ನು ಗಟ್ಟಿ ಮಾಡಿಕೊಂಡೇ ಹೇಳಿದಳು. "ಸಾಲು ಅಂದ್ರೆ ಸಾಲು ಕಣಮ್ಮಿ. ನಿನ್ ಸರದಿ ಬರಗಂಟ ಕಾಯ್ಬೇಕು. ನೆನ್ನೆ ಆ ಕ್ಯಾನು ಬದ್ಲಾಯ್ತಲ್ಲ, ಅದು ಯಾಕೆ ಅಂತ ಹೇಳ್ತೀನಿ ಕೇಳು. ನಾನೇನು ಮೈಮರ್ತಿರ್ಲಿಲ್ಲ. ಆಟದಲ್ಲಿ ಗೆಲ್ಲೋಳು ನಾನೇ ಆಗಿದ್ದೆ, ನಿನ್ನ ಮಗ್ಳು ಬೇಕಾದ್ರೆ ಹೇಳ್ತಾಳೆ, ನಾಕು ಗುಳಿ ಬಾಚಿದ್ದೆ, ಐದ್ನೇದು..."

"ಮೂರನೇ ಕ್ಯಾನು ಯಾರ್ದು?" ಅಂಗಳದಿಂದ ಸೆಕ್ರೆಟರಿ ಕೂಗಿದಳು. "ಮೂರನೇದು! ಬೇಗ ಬನ್ನಿ!"

"ಐದ್ನೇದು ಇನ್ನೇನು ಕೈಗೆ ಬಂತು ಅನ್ನುವಾಗ ಆ ದ್ಯಾವಮ್ಮನ ಕ್ಯಾನು ಢಬ್ ಅಂತು ನೋಡು, ಅವಾಗ ನಾನು ಎದ್ದು," ಎನ್ನುತ್ತಲೇ ಚಿಕ್ಕಬೋರಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, "ಬಂದೆ ಸೆಕ್ರೆಟ್ರಮ್ಮ, ನಂದೇ ಮೂರ್ನೇದು, ಯಾರೂ ಮುಟ್ಬ್ಯಾಡಿ, ಆಮೇಲೇನಾಯ್ತು ಅಂದ್ರೆ ಅರ್ಪಿತ, ನಾನು ಆ ಕ್ಯಾನು ಎತ್ಕೊಂಡು..."